ಉತ್ತರ ಗೊತ್ತಿಲ್ಲದ ಲೆಕ್ಕಕ್ಕೆ ತಾಳೆ ನೋಡುವುದು ಹೇಗೆ?

ಶಾಲೆಯ ಗಣಿತ ಪುಸ್ತಕದಲ್ಲಿ ನಮಗೆಲ್ಲ ಬಹಳ ಪ್ರಿಯವಾದ ಭಾಗವೆಂದರೆ ಕೊನೆಯ ನಾಲ್ಕು ಪುಟಗಳು. ಉತ್ತರಗಳು ಇರುತ್ತಿದ್ದದ್ದು ಅಲ್ಲೇ. ಲೆಕ್ಕ ಮಾಡುವುದು, ಪುಟ ಮಗುಚಿ ನೋಡುವುದು, ಸರಿಯಿದ್ದರೆ ಕೆಳಗೆ ಗೆರೆ ಎಳೆದು ಮುಂದಿನದಕ್ಕೆ ಹೋಗುವುದು. ಉತ್ತರ ಮೊದಲು ನೋಡಿಕೊಂಡು ಆಮೇಲೆ ಲೆಕ್ಕ ಮಾಡುವ ಜಾಣರೂ ಇದ್ದರು, ಅವರ ಮಾತು ಬಿಡಿ.

ಈಗ ಕೊನೆಯ ಪುಟಗಳೇ ಇಲ್ಲದ ಒಂದು ಪುಸ್ತಕವನ್ನು ಯೋಚಿಸಿಕೊಳ್ಳಿ. ಲೆಕ್ಕಗಳು ಒಂದೆರಡಲ್ಲ, ಕೋಟಿಗಟ್ಟಲೆ. ಸರಿಯಾದ ಉತ್ತರ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಆದರೂ ಬಂದ ಉತ್ತರವನ್ನು ನಂಬಿ ಮೀನುಗಾರರು ದೋಣಿಗಳನ್ನು ದಡಕ್ಕೆ ಎಳೆಯಬೇಕು, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ಇಂಥ ಲೆಕ್ಕ ಮಾಡುವ ದೊಡ್ಡ ದೊಡ್ಡ ಕಂಪ್ಯೂಟರ್ ಪ್ರೋಗ್ರಾಂಗಳಿವೆ. ಹವಾಮಾನ ಹೇಳುವುದು ಇವುಗಳಿಂದಲೇ, ಸಮುದ್ರದಲ್ಲಿ ನಿಲ್ಲಿಸುವ ಕಾಂಕ್ರೀಟ್ ಕಂಬ ತಡೆಯುತ್ತದೆಯೇ ಎಂದು ಮೊದಲೇ ನೋಡುವುದೂ ಇವುಗಳಿಂದಲೇ. ನಿಜವಾದ ವಸ್ತುವನ್ನು ಮುಟ್ಟದೆ ಅದರ ನಡತೆಯನ್ನು ಅಂಕಿಗಳಲ್ಲಿ ಆಡಿಸಿ ನೋಡುವ ಈ ವಿದ್ಯೆಗೆ ಸಿಮ್ಯುಲೇಶನ್ ಎಂದು ಹೆಸರು.

ಕಾಮರ್ಸಿನವನಿಗೆ ಈ ವಿಜ್ಞಾನದ ಉಸಾಬರಿ ಯಾಕಪ್ಪಾ ಅಂತ ಕೇಳ್ತೀರಿ. ಕೇಳಬೇಕಾದದ್ದೇ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ನಾನು. ಕಾಲೇಜಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಎಂದು ಪಾಠವಾದರೆ ಮನಸ್ಸಿನಲ್ಲಿ ತಾಳೆಪಟ್ಟಿ ಎಂದೇ ಓದಿಕೊಳ್ಳುತ್ತೇನೆ. ಈ ಸಿಮ್ಯುಲೇಶನ್ ಪ್ರೋಗ್ರಾಂ ಬರೆಯುವವರು ನೂರು ವರ್ಷಗಳಲ್ಲಿ ಪೆಟ್ಟು ತಿಂದು ಕಲಿತ ಪಾಠಗಳನ್ನು ಓದುತ್ತಾ ಹೋದಾಗ ನನಗೆ ಆಶ್ಚರ್ಯವಾಯಿತು. ಅವರು ಕಲಿತದ್ದರಲ್ಲಿ ಮುಕ್ಕಾಲುಪಾಲು ನಮ್ಮ ಲೆಕ್ಕಪತ್ರದ ಪಾಠವೇ! ಉತ್ತರ ಗೊತ್ತಿಲ್ಲದಿದ್ದರೂ ಲೆಕ್ಕವನ್ನು ನಂಬಬಹುದೋ ಬಾರದೋ ಎಂದು ಹೇಳುವ ಕಲೆ ಅದು. ಅದನ್ನೇ ಇಲ್ಲಿ ನನಗೆ ತಿಳಿದ ಮಟ್ಟಿಗೆ ವಿವರಿಸುತ್ತೇನೆ.

ಆಕಾಶಕ್ಕೆ ಖಾತೆ ತೆರೆಯುವುದು

ಮೊದಲು ಕೆಲಸ ನಡೆಯುವ ರೀತಿ ನೋಡೋಣ. ಹವಾಮಾನದ ಪ್ರೋಗ್ರಾಂ ಇಡೀ ಭೂಮಿಯ ವಾತಾವರಣವನ್ನು ಚೌಕ ಚೌಕವಾಗಿ, ಒಂದರ ಮೇಲೊಂದು ಪದರವಾಗಿ ಪೆಟ್ಟಿಗೆಗಳನ್ನಾಗಿ ಹೋಳು ಮಾಡುತ್ತದೆ. ಪ್ರತಿ ಪೆಟ್ಟಿಗೆಗೂ ಒಂದೊಂದು ಖಾತೆ. ಅದರಲ್ಲಿ ಒತ್ತಡ ಎಷ್ಟು, ಶಾಖ ಎಷ್ಟು, ತೇವ ಎಷ್ಟು, ಗಾಳಿ ಯಾವ ಕಡೆಗೆ ಎಷ್ಟು ವೇಗ ಎಂದು ಬರೆದಿಡುತ್ತದೆ. ಈ ಹೊತ್ತಿನ ಅಳತೆಗಳು ಆರಂಭದ ಶಿಲ್ಕು. ಮುಂದಿನ ಕೆಲವು ನಿಮಿಷಗಳಲ್ಲಿ ಪಕ್ಕದ ಪೆಟ್ಟಿಗೆಯಿಂದ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು, ಬಿಸಿಲಿನಿಂದ ಎಷ್ಟು ಜಮೆ, ಮಳೆಯಾಗಿ ಎಷ್ಟು ಖರ್ಚು ಎಂದು ಭೌತಶಾಸ್ತ್ರದ ನಿಯಮದಂತೆ ಲೆಕ್ಕ ಹಾಕಿದರೆ ಅಖೈರು ಶಿಲ್ಕು ಸಿಗುತ್ತದೆ. ಅದೇ ಮುಂದಿನ ನಿಮಿಷಗಳಿಗೆ ಆರಂಭದ ಶಿಲ್ಕು. ಹೀಗೆ ಹೆಜ್ಜೆ ಹೆಜ್ಜೆಯಾಗಿ ನಾಳೆಗೆ, ನಾಡಿದ್ದಿಗೆ ಹೋಗುವುದು.

ಪೆಟ್ಟಿಗೆ ಎಷ್ಟು ಚಿಕ್ಕದಿರಬೇಕು? ಮುಂಬಯಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಬರೀ 74 ಮಿ.ಮೀ. ಎರಡೂ ಒಂದೇ ನಗರ, ಲೋಕಲ್ ಗಾಡಿಯಲ್ಲಿ ಒಂದು ಗಂಟೆಯೊಳಗಿನ ದಾರಿ. 1990ರ ದಶಕದಲ್ಲಿ ದೆಹಲಿಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಬಳಸುತ್ತಿದ್ದ ಟಿ-80 ಎಂಬ ಪ್ರೋಗ್ರಾಂನಲ್ಲಿ ಒಂದು ಚೌಕದ ಅಗಲ ಸುಮಾರು 150 ಕಿ.ಮೀ. ಅಂಥ ಚೌಕದೊಳಗೆ ಸಾಂತಾಕ್ರೂಜ್, ಕೊಲಾಬಾ ಎರಡೂ ಮುಳುಗಿಹೋಗುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಸಿದ್ಧವಾಗಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕ 6 ಕಿ.ಮೀ.

150ರಿಂದ 6ಕ್ಕೆ ಇಳಿದದ್ದು ಎಂದರೆ 25 ಪಟ್ಟು ತಾನೇ ಅನ್ನಬೇಡಿ. ಉದ್ದಕ್ಕೂ ಅಗಲಕ್ಕೂ 25 ಪಟ್ಟು, ಅಂದರೆ ಪೆಟ್ಟಿಗೆಗಳು 625 ಪಟ್ಟು. ಅಷ್ಟಕ್ಕೇ ಮುಗಿಯಲಿಲ್ಲ. ಪೆಟ್ಟಿಗೆ ಚಿಕ್ಕದಾದರೆ ಕಾಲದ ಹೆಜ್ಜೆಯೂ ಚಿಕ್ಕದಾಗಬೇಕು. ಇಲ್ಲದಿದ್ದರೆ ಗಾಳಿ ಒಂದೇ ಹೆಜ್ಜೆಯಲ್ಲಿ ಒಂದು ಪೆಟ್ಟಿಗೆಯನ್ನು ಹಾರಿ ಆಚೆಗೆ ಹೋಗಿಬಿಡುತ್ತದೆ, ಲೆಕ್ಕ ಸಿಡಿದುಹೋಗುತ್ತದೆ. ಕೂರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲೇ ಇದನ್ನು ಹೇಳಿದ್ದರು. ಆದ್ದರಿಂದ ಕೆಲಸ ಇನ್ನೂ 25 ಪಟ್ಟು, ಒಟ್ಟು 15 ಸಾವಿರ ಪಟ್ಟಿಗೂ ಮಿಕ್ಕಿ!

ಇಂಥ ಪ್ರೋಗ್ರಾಂಗಳು ಲಕ್ಷಗಟ್ಟಲೆ ಸಾಲು ಉದ್ದ. ಬಹುಪಾಲು ಫಾರ್ಟ್ರಾನ್ ಎಂಬ, 1957ರಲ್ಲಿ ಬಂದ ಹಳೆಯ ಭಾಷೆಯಲ್ಲಿ ಬರೆದವು. ಒಬ್ಬರು ಬರೆದದ್ದಲ್ಲ. ಮೋಡದ ಭಾಗ ಒಬ್ಬರದು, ಬಿಸಿಲಿನ ಭಾಗ ಇನ್ನೊಬ್ಬರದು, ಮಣ್ಣಿನ ತೇವದ ಭಾಗ ನಿವೃತ್ತರಾಗಿ ಹೋದ ಮತ್ತೊಬ್ಬರದು. ಅವಿಭಕ್ತ ಕುಟುಂಬದ ಹಳೇ ಮನೆ ಇದ್ದ ಹಾಗೆ. ಯಾವ ಕಂಬ ತೆಗೆದರೆ ಯಾವ ಮಾಡು ಕುಸಿಯುತ್ತದೆ ಎಂದು ಹೇಳುವುದು ಕಷ್ಟ.

ಒಂದನೆಯ ಪಾಠ: ತಾಳೆಪಟ್ಟಿ

ಕಂಪ್ಯೂಟರ್ ಹುಟ್ಟುವ ಮೊದಲೇ ಈ ಲೆಕ್ಕವನ್ನು ಕೈಯಲ್ಲಿ ಮಾಡಿದ ಮಹಾನುಭಾವರೊಬ್ಬರಿದ್ದರು. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ತಂಡದಲ್ಲಿದ್ದುಕೊಂಡು, ಬಿಡುವಿನಲ್ಲಿ 1910ರ ಮೇ 20ರ ಹವೆಯ ಲೆಕ್ಕ ಹಾಕಿದರು. ಆರು ಗಂಟೆಗಳಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ಭಯಂಕರ ಚಂಡಮಾರುತದಲ್ಲಿ ಕೂಡ ಅಷ್ಟು ವ್ಯತ್ಯಾಸವಾಗುವುದಿಲ್ಲ. ಆ ದಿನ ಒತ್ತಡ ನಿಜವಾಗಿ ಇದ್ದಲ್ಲೇ ಇತ್ತು.

ಬೇರೆಯವರಾಗಿದ್ದರೆ ಕಾಗದ ಹರಿದು ಒಲೆಗೆ ಹಾಕುತ್ತಿದ್ದರು. ರಿಚರ್ಡ್‌ಸನ್ 1922ರಲ್ಲಿ ಪುಸ್ತಕ ಮಾಡಿ, ತಪ್ಪು ಉತ್ತರವನ್ನೂ ಅದಕ್ಕೆ ಮಾಡಿದ ಲೆಕ್ಕದ ಪಟ್ಟಿಗಳನ್ನೂ ಅಚ್ಚು ಹಾಕಿಸಿದರು. ಅದರ ಫಲ ಏನಾಯಿತು ನೋಡಿ. ಎಷ್ಟೋ ವರ್ಷಗಳ ಮೇಲೆ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ವಿಜ್ಞಾನಿ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿದರು. ರಿಚರ್ಡ್‌ಸನ್ನರ ವಿಧಾನ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಆರಂಭದ ಶಿಲ್ಕು: ಗಾಳಿಯ ಅಳತೆಗೂ ಒತ್ತಡದ ಅಳತೆಗೂ ಪರಸ್ಪರ ಹೊಂದಾಣಿಕೆ ಇರಲಿಲ್ಲ. ಅದನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ನಂಬುವಂಥ ಅಂಕಿ ಬಂತು. ಕಿರ್ದಿಯನ್ನೇ ಮುಚ್ಚಿಟ್ಟಿದ್ದರೆ ಈ ಲೆಕ್ಕಪರಿಶೋಧನೆ ಸಾಧ್ಯವಿತ್ತೇ?

ಕಂಪ್ಯೂಟರ್ ಬಂದ ಮೇಲೆ, 1950ರಲ್ಲಿ, ಅಮೆರಿಕದ ಎನಿಯಾಕ್ ಯಂತ್ರದ ಮೇಲೆ ಚಾರ್ನಿ, ಫ್ಯೋರ್ಟೊಫ್ಟ್, ಫಾನ್ ನಾಯ್ಮನ್ ಸೇರಿ ಮೊದಲ ಮುನ್ಸೂಚನೆಗಳನ್ನು ಮಾಡಿದರು. 24 ಗಂಟೆಗಳ ಹವೆ ಹೇಳಲು ಸುಮಾರು 24 ಗಂಟೆಗಳೇ ಹಿಡಿದವು, ಅಂದರೆ ನಾಳೆಯ ಹವೆ ನಾಳೆಯೇ ಗೊತ್ತಾಗುತ್ತಿತ್ತು! ಆದರೂ ದಾರಿ ತೆರೆಯಿತು. 1956ರಲ್ಲಿ ನಾರ್ಮನ್ ಫಿಲಿಪ್ಸ್ ಎನ್ನುವವರು ಒಂದೆರಡು ದಿನಕ್ಕೆ ನಿಲ್ಲಿಸದೆ ವಾರಗಟ್ಟಲೆ ಲೆಕ್ಕ ಓಡಿಸಿದರು. ನಿಜವಾದ ಭೂಮಿಯ ಮೇಲಿರುವಂಥ ಗಾಳಿಯ ಪಟ್ಟೆಗಳು ಅಂಕಿಗಳ ನಡುವಿನಿಂದ ಎದ್ದು ಬಂದವು. ಎಲ್ಲರೂ ಶಹಭಾಸ್ ಅಂದರು. ಆದರೆ ಸುಮಾರು ನಾಲ್ಕು ವಾರವಾಗುವಷ್ಟರಲ್ಲಿ ಲೆಕ್ಕ ಕೆಟ್ಟು ಕೆರ ಹಿಡಿಯಿತು. ಎಲ್ಲಿಂದಲೋ ಗಾಳಿಗೆ ಇಲ್ಲದ ಶಕ್ತಿ ಬರತೊಡಗಿತು. ಕಾಲದ ಹೆಜ್ಜೆ ಚಿಕ್ಕದು ಮಾಡಿದರೂ ರೋಗ ವಾಸಿಯಾಗಲಿಲ್ಲ. ಪೆಟ್ಟಿಗೆಗಿಂತ ಸಣ್ಣದಾದ ಅಲೆಗಳು ಆ ಜಾಲರಿಯಲ್ಲಿ ದೊಡ್ಡ ಅಲೆಗಳ ವೇಷ ಹಾಕಿಕೊಂಡು ಬರುವುದೇ ಕಾರಣವೆಂದು ಫಿಲಿಪ್ಸರೇ 1959ರಲ್ಲಿ ತೋರಿಸಿದರು.

ಮದ್ದು ಹುಡುಕಿದವರು ಜಪಾನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಅಕಿಯೊ ಅರಕಾವ. ಅದುವರೆಗೆ ಬೇರೆಯವರು ಮಾಡುತ್ತಿದ್ದದ್ದು ಏನೆಂದರೆ, ಅಲೆಗಳು ಕೊಬ್ಬಿದಾಗ ಅವುಗಳನ್ನು ಸವರಿ ನಯ ಮಾಡುವುದು. ನಮ್ಮ ಭಾಷೆಯಲ್ಲಿ, ಲೆಕ್ಕ ಕೂಡದಿದ್ದಾಗ ಸಸ್ಪೆನ್ಸ್ ಖಾತೆಗೆ ಹಾಕಿ ಕೈತೊಳೆದುಕೊಳ್ಳುವುದು. ಅರಕಾವ 1966ರಲ್ಲಿ ಪ್ರಕಟಿಸಿದ ವಿಧಾನ ಬೇರೆ ತರಹದ್ದು. ಗಾಳಿ ಗಾಳಿಯನ್ನು ನೂಕುವ ವ್ಯವಹಾರದಲ್ಲಿ ಚಲನಶಕ್ತಿಯ ಮೊತ್ತವೂ ಸುಳಿತನದ ವರ್ಗಗಳ ಮೊತ್ತವೂ ಒಂದು ಚೂರೂ ಹೆಚ್ಚಾಗದಂತೆ, ಕಡಿಮೆಯಾಗದಂತೆ ಸೂತ್ರವನ್ನೇ ಕಟ್ಟಿದರು. ಒಂದು ಕಡೆ ಖರ್ಚು ಬಿದ್ದದ್ದು ಇನ್ನೊಂದು ಕಡೆ ಜಮೆಯಾಗಲೇಬೇಕು, ನಡುವೆ ಸೋರಿಕೆಗೆ ಜಾಗವೇ ಇಲ್ಲ. ಇದು ಅಪ್ಪಟ ಜೋಡಿ ನಮೂದು ಪದ್ಧತಿ ಅಲ್ಲವೇ?

ಅಂದಿನಿಂದ ಇಂದಿನ ತನಕ ಇದು ಒಳ್ಳೆಯ ಸಿಮ್ಯುಲೇಶನ್ ಕಟ್ಟುವವರ ಮೊದಲ ಸೂತ್ರ. ಸರಿಯುತ್ತರ ಗೊತ್ತಿಲ್ಲ, ಒಪ್ಪೋಣ. ಆದರೆ ಗಾಳಿಯ ಒಟ್ಟು ತೂಕ ಬದಲಾಗಬಾರದು ಎನ್ನುವುದು ಗೊತ್ತಿದೆ. ಸಮುದ್ರದಿಂದ ಎದ್ದ ಆವಿ, ಬಿದ್ದ ಮಳೆ, ಆಕಾಶದಲ್ಲಿ ಉಳಿದ ತೇವ ಮೂರೂ ತಾಳೆಯಾಗಬೇಕು ಎನ್ನುವುದು ಗೊತ್ತಿದೆ. ಆದ್ದರಿಂದ ಪ್ರೋಗ್ರಾಂ ತಾನೇ ಆಗಾಗ ತಾಳೆಪಟ್ಟಿ ಹಾಕಿಕೊಳ್ಳುವಂತೆ ಬರೆದಿಡುತ್ತಾರೆ. ಕೂಡದಿದ್ದರೆ ಅಲ್ಲೇ ನಿಂತು ಗಂಟೆ ಬಾರಿಸಬೇಕು. ನನ್ನ ಸೋದರಮಾವ ಮಾಟುಂಗದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಗಲ್ಲಾದ ದುಡ್ಡಿಗೂ ಬಿಲ್ಲುಗಳ ಮೊತ್ತಕ್ಕೂ ಐದು ರೂಪಾಯಿ ವ್ಯತ್ಯಾಸ ಬಂದರೆ ಅವರು ಮಲಗುವುದಿಲ್ಲ. "ಐದು ರೂಪಾಯಿ ಹೋದದ್ದಕ್ಕಲ್ಲ ಮಾರಾಯ, ಯಾವ ಬಾಗಿಲಿಂದ ಹೋಯಿತು ಅಂತ ತಿಳಿಯಬೇಕು" ಅನ್ನುತ್ತಾರೆ.

ಒಂದು ಎಚ್ಚರಿಕೆಯ ಮಾತು. ತಾಳೆಪಟ್ಟಿ ಕೂಡಿದ ಮಾತ್ರಕ್ಕೆ ಪುಸ್ತಕ ಸರಿ ಎಂದಾಗುವುದಿಲ್ಲ ಎಂದು ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿರಬಹುದು. ಇಲ್ಲೂ ಅಷ್ಟೇ. ಮೋಡಗಳು ಬಿಸಿಲನ್ನು ಬೇಕಾದದ್ದಕ್ಕಿಂತ ಹೆಚ್ಚು ತಡೆದು, ನೆಲ ಬೇಕಾದದ್ದಕ್ಕಿಂತ ಹೆಚ್ಚು ಶಾಖ ಹೀರಿದರೆ ಸರಾಸರಿ ಉಷ್ಣತೆ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಯಾರೋ ಪುಣ್ಯಾತ್ಮರು ಮೋಡದ ತಪ್ಪನ್ನು ಮಾತ್ರ ತಿದ್ದಿದಾಗ ಉತ್ತರ ಮೊದಲಿಗಿಂತ ಕೆಡುತ್ತದೆ! ತಿದ್ದಿದವರನ್ನು ಬೈಯುವ ಮುಂಚೆ ಜೋಡಿ ತಪ್ಪು ಎಲ್ಲಿದೆ ಎಂದು ಹುಡುಕಬೇಕು.

ಎರಡನೆಯ ಪಾಠ: ಪೈಸೆಯನ್ನು ಕಡೆಗಣಿಸಬೇಡಿ

ಹನಿ ಹನಿಗೂಡಿದರೆ ಹಳ್ಳ ಅನ್ನುತ್ತಾರೆ. ಹನಿ ಹನಿ ಸೋರಿದರೂ ಹಳ್ಳವೇ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1000 ಎಂಬ ಅಂಕಿಯಿಂದ ಒಂದು ಸೂಚ್ಯಂಕ ಆರಂಭಿಸಿತು. ಷೇರು ಕೈಬದಲಾದಾಗಲೆಲ್ಲ ಕಂಪ್ಯೂಟರ್ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು, ದಿನಕ್ಕೆ ಸುಮಾರು 2,800 ಬಾರಿ. ಪ್ರತಿ ಸಲವೂ ದಶಾಂಶದ ಮೂರು ಸ್ಥಾನ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತಿತ್ತು. ಹತ್ತಿರದ ಅಂಕಿಗೆ ಸರಿಪಡಿಸಿದ್ದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ ಸಮವಾಗುತ್ತಿತ್ತು. ಕತ್ತರಿಸಿದರೆ ಯಾವಾಗಲೂ ನಷ್ಟವೇ. ಸಲಕ್ಕೆ ಸರಾಸರಿ ಸಾವಿರದಲ್ಲಿ ಅರ್ಧ ಭಾಗ ಹೋದರೂ ದಿನಕ್ಕೆ 1.4 ಅಂಶ! 1983ರ ನವೆಂಬರಿನಲ್ಲಿ ಸೂಚ್ಯಂಕ 524ರ ಆಸುಪಾಸಿನಲ್ಲಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ 1098 ಆಯಿತು. 22 ತಿಂಗಳಲ್ಲಿ ಪೇಟೆ ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿದೆ ಎಂದೇ ಫಲಕ ತೋರಿಸುತ್ತಿತ್ತು.

ಷೇರುಪೇಟೆಯ ಈ ಕಥೆಯನ್ನು ಹವಾಮಾನಕ್ಕೆ ಹೊಂದಿಸಿದರೆ ಇನ್ನೂ ಗಂಭೀರ. 1961ರ ಚಳಿಗಾಲದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎಡ್ವರ್ಡ್ ಲೊರೆಂಟ್ಸ್ ಒಂದು ಪುಟ್ಟ ಹವಾಮಾನ ಲೆಕ್ಕವನ್ನು ಮಧ್ಯದಿಂದ ಮತ್ತೆ ಓಡಿಸಲು, ಅಚ್ಚಾಗಿ ಬಂದ ಕಾಗದದಿಂದ ಅಂಕಿಗಳನ್ನು ನೋಡಿ ಒತ್ತಿದರು. ಯಂತ್ರದ ಹೊಟ್ಟೆಯಲ್ಲಿದ್ದದ್ದು 0.506127. ಕಾಗದದಲ್ಲಿದ್ದದ್ದು 0.506. ಕಾಫಿ ಕುಡಿದು ಬರುವಷ್ಟರಲ್ಲಿ ಲೆಕ್ಕದೊಳಗೆ ಎರಡು ತಿಂಗಳು ಕಳೆದಿದ್ದವು, ಹಳೆಯ ಹವೆಗೂ ಹೊಸ ಹವೆಗೂ ಸಂಬಂಧವೇ ಇರಲಿಲ್ಲ. ಯಂತ್ರದ ಬಲ್ಬು ಸುಟ್ಟಿರಬೇಕು ಎಂದು ಮೊದಲು ಅವರಿಗೂ ಅನ್ನಿಸಿತಂತೆ. ಇದರಿಂದ ಹುಟ್ಟಿದ್ದೇ 1963ರ ಅವರ ಪ್ರಸಿದ್ಧ ಲೇಖನ. ವಾತಾವರಣದ ಗುಣವೇ ಹಾಗೆ, ಸಣ್ಣ ವ್ಯತ್ಯಾಸ ಬೆಳೆದು ಬೆಟ್ಟವಾಗುತ್ತದೆ. (ಲೊರೆಂಟ್ಸರ ಆ ಯಂತ್ರದ ಮೇಲೆ ಪ್ರೋಗ್ರಾಂ ಬರೆಯಲು ಕಲಿತ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಹೆಣ್ಣುಮಗಳು ಮುಂದೆ ಅಪೊಲೊ ಚಂದ್ರಯಾನದ ತಂತ್ರಾಂಶ ತಂಡವನ್ನು ನಡೆಸಿದರು. ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಮಾತನ್ನು ಬಳಕೆಗೆ ತಂದವರಲ್ಲಿ ಆಕೆಯೂ ಒಬ್ಬರು.)

ಪ್ರೋಗ್ರಾಂ ಬರೆಯುವವರಿಗೆ ಇದರಿಂದ ಒಂದು ವಿಚಿತ್ರ ಇಕ್ಕಟ್ಟು. ನಾಲ್ಕೇ ಅಂಕಿ ನೆನಪಿಡುವ ಯಂತ್ರವೊಂದಿದೆ ಎಂದುಕೊಳ್ಳಿ. 1000ಕ್ಕೆ 0.4 ಕೂಡಿಸಿ: 1000.4, ಯಂತ್ರ ಅದನ್ನು 1000 ಎನ್ನುತ್ತದೆ. ಮತ್ತೆ 0.4, ಮತ್ತೆ 0.4 ಕೂಡಿಸಿದರೂ ಅದೇ 1000. ಈಗ ಮೂರು 0.4ಗಳನ್ನು ಮೊದಲು ಕೂಡಿಸಿ: 1.2. ಅದನ್ನು 1000ಕ್ಕೆ ಸೇರಿಸಿದರೆ 1001. ಅಂಕಿಗಳು ಅವೇ, ಕೂಡಿಸುವ ಕ್ರಮ ಬೇರೆ, ಉತ್ತರ ಬೇರೆ! ದೊಡ್ಡ ಕಂಪ್ಯೂಟರುಗಳಲ್ಲಿ ಸಾವಿರಾರು ಪ್ರೊಸೆಸರುಗಳು ಕೆಲಸ ಹಂಚಿಕೊಂಡು ಮಾಡುವಾಗ ಯಾವುದು ಮೊದಲು ಮುಗಿಸುತ್ತದೋ ಅದರ ಮೊತ್ತ ಮೊದಲು ಬರುತ್ತದೆ. ಲೊರೆಂಟ್ಸ್ ಹೇಳಿದ ಹಾಗೆ ಆ ಕೂದಲೆಳೆ ವ್ಯತ್ಯಾಸ ಇಪ್ಪತ್ತು ದಿನಗಳ ನಂತರ ಬೇರೆಯದೇ ಹವೆಯಾಗಬಹುದು. ಈಗ ನೀವು ಪ್ರೋಗ್ರಾಂನಲ್ಲಿ ಏನೋ ತಿದ್ದಿದಿರಿ, ಉತ್ತರ ಬದಲಾಯಿತು. ನಿಮ್ಮ ತಿದ್ದುಪಡಿಯಲ್ಲಿ ತಪ್ಪಿದೆಯೋ, ಬರೀ ಪೈಸೆಯ ಆಟವೋ?

ಇದಕ್ಕೆ ಅವರು ಎರಡು ಶಿಸ್ತು ರೂಢಿಸಿಕೊಂಡಿದ್ದಾರೆ. ಮೊದಲನೆಯದು: ಉತ್ತರ ಬದಲಾಗಬಾರದ ತಿದ್ದುಪಡಿ ಮಾಡಿದಾಗ (ಹೆಸರು ಬದಲಿಸುವುದು, ಜಾಗ ಬದಲಿಸುವುದು ಇತ್ಯಾದಿ) ಕಟ್ಟಕಡೆಯ ಅಂಕಿಯ ತನಕ ಹಳೆಯ ಉತ್ತರವೇ ಬರಬೇಕು, ಸರಿಸುಮಾರು ಎಂಬ ಮಾತಿಲ್ಲ. ಅದಕ್ಕಾಗಿ ಬೇಕೆಂದೇ ಕೂಡಿಸುವ ಕ್ರಮವನ್ನು ಗೊತ್ತುಮಾಡುತ್ತಾರೆ, ಕೆಲಸ ಸ್ವಲ್ಪ ನಿಧಾನವಾದರೂ ಚಿಂತೆಯಿಲ್ಲ. ಎರಡನೆಯದು: ಯಂತ್ರವನ್ನೇ ಬದಲಿಸಿದಾಗ ಕೊನೆಯ ಅಂಕಿ ಕೂಡುವುದಿಲ್ಲ. ಆಗ ಹಳೆಯ ಯಂತ್ರದಲ್ಲಿ ಆರಂಭದ ಅಂಕಿಗಳನ್ನು ಎಳ್ಳಷ್ಟೆಳ್ಳಷ್ಟು ಬದಲಿಸಿ ಹತ್ತಾರು ನೂರಾರು ಸಲ ಓಡಿಸಿ ಉತ್ತರಗಳ ಒಂದು ಹಿಂಡು ಮಾಡಿಕೊಳ್ಳುತ್ತಾರೆ. ಹೊಸ ಯಂತ್ರದ ಉತ್ತರ ಆ ಹಿಂಡಿನೊಳಗೆ ಸೇರಿಕೊಂಡರೆ ಸೈ. ಹಿಂಡನ್ನು ಬಿಟ್ಟು ದೂರ ನಿಂತರೆ ಎಲ್ಲೋ ನಿಜವಾದ ತಪ್ಪಿದೆ.

ಮೂರನೆಯ ಪಾಠ: ಉತ್ತರ ಗೊತ್ತಿರುವ ಸಣ್ಣ ಲೆಕ್ಕ ಮೊದಲು

ದೊಡ್ಡ ಲೆಕ್ಕದ ಉತ್ತರ ಗೊತ್ತಿಲ್ಲದಿದ್ದರೇನು, ಅದೇ ಪ್ರೋಗ್ರಾಂಗೆ ಉತ್ತರ ಗೊತ್ತಿರುವ ಸಣ್ಣ ಲೆಕ್ಕ ಕೊಟ್ಟು ನೋಡಬಹುದಲ್ಲ? ನನಗೆ ಬಹಳ ಹಿಡಿಸಿದ್ದು ಈ ಪರೀಕ್ಷೆ: ಗಾಳಿಯೇ ಇಲ್ಲದ ನಿಶ್ಚಲ ಆಕಾಶ, ಕೆಳಗೆ ಒಂದು ಬೆಟ್ಟ. ಮುಂದೇನಾಗಬೇಕು? ಏನೂ ಆಗಬಾರದು. ಸುಮ್ಮನಿದ್ದದ್ದು ಸುಮ್ಮನೇ ಇರಬೇಕು. ಆದರೆ ಬೆಟ್ಟದ ಇಳಿಜಾರಿನಲ್ಲಿ ಪೆಟ್ಟಿಗೆಗಳು ಓರೆಯಾಗಿ ಕೂತಿರುವುದರಿಂದ ಎಷ್ಟೋ ಪ್ರೋಗ್ರಾಂಗಳು ಇಲ್ಲದ ಗಾಳಿ ಬೀಸುತ್ತವೆ! ಸಹ್ಯಾದ್ರಿಗೆ ತಾಗಿದ ಕರಾವಳಿಯ ಮಳೆ ಹೇಳುವ ಪ್ರೋಗ್ರಾಂ ಈ ಪರೀಕ್ಷೆಯಲ್ಲೇ ನಪಾಸಾದರೆ ಗತಿಯೇನು? ಇನ್ನೊಂದು ಪರೀಕ್ಷೆಯಲ್ಲಿ ಒಂದು ಮೋಡದಂಥ ಮುದ್ದೆಯನ್ನು ಭೂಮಿಯ ಸುತ್ತ ಒಂದು ಸುತ್ತು ಕಳಿಸುತ್ತಾರೆ. ಆಕಾರ ಕೆಡದೆ ಹೊರಟಲ್ಲಿಗೇ ಬಂದು ಸೇರಬೇಕು. ಇಂಥ ಪುಟ್ಟ ಪರೀಕ್ಷೆಗಳನ್ನು ಗುಡ್ಡೆ ಹಾಕಿಟ್ಟುಕೊಂಡು, ಯಾರು ಏನೇ ತಿದ್ದಿದರೂ ಆ ರಾತ್ರಿಯೇ ಅಷ್ಟನ್ನೂ ಯಂತ್ರಕ್ಕೆ ಒಪ್ಪಿಸುವುದು ಈಗಿನ ಒಳ್ಳೆಯ ಪದ್ಧತಿ.

ಇನ್ನೊಂದು ಪರೀಕ್ಷೆ ಎಂದರೆ ಪೆಟ್ಟಿಗೆಯನ್ನು ಅರ್ಧ ಮಾಡಿ ಮತ್ತೆ ಲೆಕ್ಕ ಹಾಕುವುದು. ಉತ್ತರ ಹೆಚ್ಚುಕಡಿಮೆ ನಿಂತರೆ ನಂಬಬಹುದು, ಓಡುತ್ತಿದ್ದರೆ ನಂಬಬಾರದು. ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂದು ನಾರ್ವೆ ದೇಶ 1991ರ ಆಗಸ್ಟ್ 23ರಂದು ಕಂಡಿತು. ಸ್ಲೈಪ್ನರ್-ಎ ಎಂಬ ಸಮುದ್ರದ ಅನಿಲ ಕಟ್ಟೆಗಾಗಿ ಕಟ್ಟಿದ ಬೃಹತ್ ಕಾಂಕ್ರೀಟ್ ಬುಡವನ್ನು ಸ್ಟಾವಂಗರ್ ಊರಿನ ಬಳಿಯ ಕೊಲ್ಲಿಯಲ್ಲಿ ನಿಧಾನವಾಗಿ ನೀರಿಗೆ ಇಳಿಸುತ್ತಿದ್ದಾಗ ಗೋಡೆ ಬಿರಿದು ಇಡೀ ಬುಡ ಮುಳುಗಿತು. ನಷ್ಟ ಸುಮಾರು 70 ಕೋಟಿ ಡಾಲರ್. ದೇವರ ದಯೆ, ಮೇಲಿದ್ದವರು ಪಾರಾದರು. ಬಳಸಿದ ಪ್ರೋಗ್ರಾಂ ಹೆಸರಾಂತದ್ದೇ, ಅದರಲ್ಲಿ ದೋಷವಿರಲಿಲ್ಲ. ಆದರೆ ಗೋಡೆಗಳು ಕೂಡುವ ಮೂಲೆಯಲ್ಲಿ ಹೋಳುಗಳು ತೀರಾ ಒರಟಾಗಿದ್ದವು. ಅಲ್ಲಿ ಬೀಳುವ ಒತ್ತಡವನ್ನು ಲೆಕ್ಕ ನೂರಕ್ಕೆ 47ರಷ್ಟು ಕಡಿಮೆ ತೋರಿಸಿತ್ತು. ಆಮೇಲೆ ನಯವಾದ ಹೋಳುಗಳಿಂದ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಗೋಡೆ ಒಡೆಯುತ್ತದೆ ಎಂದು ಬಂತು. ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ. ಉತ್ತರ ಅಲ್ಲೇ ಇತ್ತು, ಎರಡನೆಯ ಸಲ ಕೇಳಿದವರು ಇರಲಿಲ್ಲ.

ನಾಲ್ಕನೆಯ ಪಾಠ: ಹೊರಗಿನ ಲೆಕ್ಕಪರಿಶೋಧಕ

ತನ್ನ ಪುಸ್ತಕವನ್ನು ತಾನೇ ಆಡಿಟ್ ಮಾಡಬಾರದು ಎಂಬ ನಿಯಮ ನಮ್ಮಲ್ಲಿದೆ. ವಿಜ್ಞಾನದ ಪ್ರೋಗ್ರಾಂಗಳಿಗೆ ಇದು ಎಷ್ಟು ಅಗತ್ಯ ಎಂದು ಲೆಸ್ ಹ್ಯಾಟನ್ ಎಂಬ ಇಂಗ್ಲಿಷ್ ಗಣಿತಜ್ಞರು ಸಹೋದ್ಯೋಗಿಯೊಬ್ಬರ ಜೊತೆ 1994ರಲ್ಲಿ ತೋರಿಸಿಕೊಟ್ಟರು. ಭೂಮಿಯೊಳಗೆ ಎಣ್ಣೆ ಹುಡುಕಲು ಕಂಪನದ ಅಲೆಗಳನ್ನು ವಿಶ್ಲೇಷಿಸುವ ಒಂಬತ್ತು ಪ್ರೋಗ್ರಾಂಗಳನ್ನು ಅವರು ತೆಗೆದುಕೊಂಡರು. ಒಂಬತ್ತೂ ಬೇರೆ ಬೇರೆಯವರು ಬರೆದು ವ್ಯಾಪಾರಕ್ಕೆ ಇಟ್ಟವು, ಒಂಬತ್ತೂ ಫಾರ್ಟ್ರಾನ್, ಒಂದೇ ಗಣಿತ ಸೂತ್ರ, ಒಂದೇ ಅಂಕಿಅಂಶ. ಕೊನೆಗೆ ಬಂದ ಉತ್ತರಗಳು ಮೊದಲ ಒಂದೆರಡು ಅಂಕಿಗಳಷ್ಟೇ ಒಂದಕ್ಕೊಂದು ಹೊಂದಿದವು. ಸುಮಾರು 4,000 ಸಾಲು ಕೋಡಿಗೆ ನೂರಕ್ಕೆ ಒಂದರಂತೆ ವ್ಯತ್ಯಾಸ ಬೆಳೆಯುತ್ತಾ ಹೋಗಿತ್ತು. ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಪ್ರತಿಯೊಂದರ ಚಿತ್ರವೂ ಅಷ್ಟು ಚೆಂದ!

ಹವಾಮಾನದವರು ಇದನ್ನು ರೂಢಿಯನ್ನಾಗಿಯೇ ಮಾಡಿಕೊಂಡಿದ್ದಾರೆ. 1995ರಿಂದ ಲೋಕದ ಬೇರೆ ಬೇರೆ ದೇಶಗಳ ಪ್ರೋಗ್ರಾಂಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಉತ್ತರಗಳನ್ನು ಬಹಿರಂಗವಾಗಿ ಹೋಲಿಸುತ್ತಾರೆ. ಮುನ್ಸೂಚನಾ ಕೇಂದ್ರಗಳಲ್ಲಿ ಹೊಸ ಪ್ರೋಗ್ರಾಂ ಬಂದ ಕೂಡಲೇ ಹಳೆಯದನ್ನು ಮೂಲೆಗೆ ಎಸೆಯುವುದಿಲ್ಲ. ಕೆಲವು ತಿಂಗಳು ಎರಡನ್ನೂ ಜೊತೆಜೊತೆಗೆ ಓಡಿಸುತ್ತಾರೆ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ದಪ್ಪ ಲೆಡ್ಜರುಗಳನ್ನೂ ಕೆಲಕಾಲ ಪಕ್ಕದಲ್ಲಿ ಬರೆಯುತ್ತಿದ್ದರು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವಲ್ಲ, ಅದೇ ಕ್ರಮ.

ಐದನೆಯ ಪಾಠ: ಮುಂದಿನವರಿಗಾಗಿ ಬರೆಯಿರಿ

ಯಂತ್ರ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಪ್ರೋಗ್ರಾಂ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಬರೆದವರು ಹೋದರೂ ಕೋಡ್ ಇರುತ್ತದೆ. ಹಾಗಾಗಿ ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಬರೆದರೆ ಸಾಲದು, ಮುಂದೆ ಬಂದು ಕೂರುವ ಅಪರಿಚಿತನಿಗೂ ಅರ್ಥವಾಗಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಅದರ ಮಾನ ಬರೆದಿರಬೇಕು. ಒಂದು ಕಡೆ ಪೌಂಡು, ಇನ್ನೊಂದು ಕಡೆ ನ್ಯೂಟನ್ ಎಂದು ಲೆಕ್ಕ ಹಿಡಿದದ್ದಕ್ಕೆ 1999ರಲ್ಲಿ ಮಂಗಳ ಗ್ರಹಕ್ಕೆ ಹೋದ ಅಮೆರಿಕದ ನೌಕೆಯೊಂದು ನಾಶವಾಯಿತು. 0.37 ಎಂದು ಒಂದು ಸ್ಥಿರಾಂಕ ಹಾಕಿದರೆ ಅದು ಯಾಕೆ 0.37, ಎಲ್ಲಿಂದ ಬಂತು ಎಂದು ಒಂದು ಸಾಲು ಬೇಕು. ಕಿರ್ದಿಯಲ್ಲಿ ಪ್ರತಿ ನಮೂದಿನ ಕೆಳಗೆ ವಿವರಣೆ ಬರೆಯುವಂತೆ. ತಿದ್ದಿದ್ದನ್ನು ಅಳಿಸಿ ತಿದ್ದಬಾರದು, ಯಾರು, ಯಾವಾಗ, ಯಾಕೆ ಎಂದು ಉಳಿಯಬೇಕು. ಲೆಕ್ಕದ ಪುಸ್ತಕದಲ್ಲಿ ರಬ್ಬರಿಗೆ ಜಾಗವಿಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಒಂದು ಸಂಗತಿ ಹೇಳಲೇಬೇಕು. ಭಾರತದ ಮೊದಲ ಸಮಾಂತರ ಕಂಪ್ಯೂಟರ್, ಅಂದರೆ ಹಲವು ಪ್ರೊಸೆಸರುಗಳು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ಯಂತ್ರ, 1986ರಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ತಯಾರಾಯಿತು. ಹೆಸರು ಫ್ಲೊಸಾಲ್ವರ್. ದೆಹಲಿಯ ಕೇಂದ್ರದಲ್ಲಿ ಅಮೆರಿಕದ ಕ್ರೇ ಯಂತ್ರದ ಮೇಲೆ ಓಡುತ್ತಿದ್ದ ಆ ಟಿ-80 ಪ್ರೋಗ್ರಾಂ ಅನ್ನು ನಮ್ಮದೇ ಯಂತ್ರದ ಮೇಲೆ ಓಡಿಸುವ ಕೆಲಸ 1990ರ ದಶಕದಲ್ಲಿ ನಡೆಯಿತು. ಹಳೆಯ ಶೈಲಿಯ ಆ ಕೋಡನ್ನು ಎನ್.ಎ.ಎಲ್. ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ಫಾರ್ಟ್ರಾನ್ 90ರಲ್ಲಿ ಹೊಸದಾಗಿ ಕಟ್ಟಿದರು. ಹೊಸ ರೂಪಕ್ಕೆ 'ವರ್ಷ' ಎಂದು ಹೆಸರಾಯಿತು, ಮಳೆ ಎಂಬ ಅರ್ಥದಲ್ಲಿ. ಬೇರೆಯವರ ಕೋಡನ್ನು ಬರೀ ಓಡಿಸುವುದಕ್ಕೂ ಒಂದೊಂದು ಸಾಲನ್ನೂ ತಿಳಿದು ತಿರುಗಿ ಕಟ್ಟುವುದಕ್ಕೂ ಬಹಳ ಅಂತರವಿದೆ. ಕಟ್ಟಿದವರು ಮುಂದೆ ಅದನ್ನು ತಿದ್ದಲೂ ಬಲ್ಲರು.

ಇಷ್ಟೆಲ್ಲ ಯಾಕೆ?

1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ ಜನ. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ಫೈಲಿನ್ ಎಂಬ ಘೋರ ಚಂಡಮಾರುತ ಬಂತು. ಸತ್ತವರು ಐವತ್ತಕ್ಕಿಂತ ಕಡಿಮೆ. ಕಾರಣ ಒಂದೇ ಅಲ್ಲ. ಆಶ್ರಯ ಕಟ್ಟಡಗಳಾಗಿದ್ದವು, ಊರೂರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯಾಗಿತ್ತು, ಲಕ್ಷಾಂತರ ಜನರನ್ನು ಸಾಗಿಸಲು ಸರಕಾರ ಸಿದ್ಧವಾಗಿತ್ತು. ಆದರೆ ಎಲ್ಲಿಗೆ, ಯಾವಾಗ ಬರುತ್ತದೆ ಎಂದು ದಿನಗಳ ಮುಂಚೆ ಹೇಳುವ ಲೆಕ್ಕ ಇಲ್ಲದಿದ್ದರೆ ಸಾಗಿಸುವುದು ಯಾರನ್ನು, ಎಲ್ಲಿಂದ? ಎರಡು ಸಲ ಸುಳ್ಳು ಹೇಳಿದರೆ ಮೂರನೆಯ ಸಲ ಜನ ಮನೆ ಬಿಟ್ಟು ಕದಲುವುದಿಲ್ಲ. ಆ ನಂಬಿಕೆ ಗಳಿಸುವುದು ಈ ತಾಳೆಪಟ್ಟಿ, ಈ ಪೈಸೆಯ ಜಗಳ, ಗಾಳಿಯಿಲ್ಲದ ಬೆಟ್ಟದ ಪರೀಕ್ಷೆ ಇವುಗಳಿಂದಲೇ.

ನಾಳೆಯ ಹವೆ ಹೇಳುವವರಿಗೆ ಒಂದು ಭಾಗ್ಯವಿದೆ. ನಾಳೆ ಬಂದೇ ಬರುತ್ತದೆ, ಉತ್ತರಪತ್ರಿಕೆ ದಿನಾ ಸಿಗುತ್ತದೆ. ಐವತ್ತು ವರ್ಷಗಳ ನಂತರದ ಹವಾಮಾನ ಹೇಳುವವರಿಗೆ, ಸೇತುವೆಯ ಬಾಳಿಕೆ ಲೆಕ್ಕ ಹಾಕುವವರಿಗೆ ಆ ಭಾಗ್ಯವಿಲ್ಲ. ಅವರ ಪಾಲಿಗೆ ಇರುವುದು ಮೇಲೆ ಹೇಳಿದ ಶಿಸ್ತು ಮಾತ್ರ.

ನಮ್ಮ ಬಳಗದಲ್ಲಿ ವಿಜ್ಞಾನದವರಿದ್ದಾರೆ, ಕಾಮರ್ಸಿನವರಿದ್ದಾರೆ, ಆರ್ಟ್ಸಿನವರೂ ಇದ್ದಾರೆ. ಯಾರೇ ಆಗಲಿ, ಮುಂದೆ ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಒಂದು ಅಂಕಿ ಮುಂದಿಟ್ಟು "ಇದು ಕಂಪ್ಯೂಟರ್ ಹೇಳಿದ್ದು" ಅಂದರೆ ನಾಲ್ಕು ಮಾತು ಕೇಳಿ. ಮೊತ್ತ ತಾಳೆಯಾಗಿದೆಯೇ? ಉತ್ತರ ಗೊತ್ತಿರುವ ಸಣ್ಣ ಲೆಕ್ಕಕ್ಕೆ ಇದು ಸರಿ ಉತ್ತರ ಕೊಟ್ಟಿದೆಯೇ? ಹೋಳು ಸಣ್ಣದು ಮಾಡಿ ನೋಡಿದ್ದೀರಾ? ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಸ್ವತಂತ್ರವಾಗಿ ಮಾಡಿ ನೋಡಿದ್ದಾರೆಯೇ? ಹೌದು ಎಂದು ಕಾಗದ ತೋರಿಸಿದರೆ ಅಂಥವರ ಜೊತೆ ಕೂತು ಮುಂದಿನ ಮಾತು ಆಡಬಹುದು. ತೋರಿಸದಿದ್ದರೆ, ಬಣ್ಣದ ಚಿತ್ರ ಎಷ್ಟೇ ಚೆಂದವಿರಲಿ, ಸಹಿ ಹಾಕಬೇಡಿ.